ಪಾಳಿ ಇಳಿಯುವ ಮುನ್ನ: ಭೂಗತ ಕಲ್ಲಿದ್ದಲು ಗಣಿಯ ಒಂದು ಪ್ಯಾನೆಲ್ ಪರಿಶೀಲಿಸುವ ಕ್ರಮ

ಮೀಥೇನ್ ಮಾಪಕ ಹಿಡಿದು ಹೋಗಿ ‘ಸೊನ್ನೆ’ ಎಂದು ಬರೆದುಕೊಂಡು ಬಂದ ಜಾಗದಲ್ಲೇ ಮುಂದಿನ ಪಾಳಿಯವರಿಗೆ ಅನಿಲ ಸಿಗುವುದುಂಟು. ಮಾಪಕ ತಪ್ಪು ತೋರಿಸಿರುವುದಿಲ್ಲ. ಅದನ್ನು ಎದೆಯ ಮಟ್ಟದಲ್ಲಿ ಹಿಡಿಯಲಾಗಿರುತ್ತದೆ, ಅನಿಲವೋ ಛಾವಣಿಗೆ ಅಂಟಿಕೊಂಡಿರುತ್ತದೆ. ಹೊಸದಾಗಿ ಸರ್ದಾರ್ ಅಥವಾ ಓವರ್‌ಮನ್ ಎಂಬ ಪಾಳಿ ಮೇಲ್ವಿಚಾರಕರ ಹೊಣೆ ಹೊತ್ತವರು ಎಡವುವುದು ಹೆಚ್ಚಾಗಿ ಹೀಗೆಯೇ. ನಿಯಮದ ಅಂಕಿಗಳು ಅವರಿಗೆ ಬಾಯಿಪಾಠವಾಗಿರುತ್ತವೆ, ಆದರೆ ಯಾವುದನ್ನು ಮೊದಲು ನೋಡಬೇಕು, ಎಲ್ಲಿ ನಿಂತು ನೋಡಬೇಕು ಎಂಬುದು ಕೈಗೆ ಹತ್ತಿರುವುದಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಓದಿದವರಿಗೆ ಅಥವಾ ಹಟ್ಟಿಯಲ್ಲಿ ಕೆಲಸ ಕಲಿತವರಿಗೆ ಇದು ಇನ್ನೂ ಕಷ್ಟ. ಗಟ್ಟಿ ಬಂಡೆಯ ನಡುವೆ ಪಳಗಿದ ಕಣ್ಣು ಬಂಡೆಯನ್ನು ನೋಡುತ್ತದೆ, ಗಾಳಿಯನ್ನು ನೋಡುವುದಿಲ್ಲ.

ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಕೊತ್ತಗೂಡೆಂನಿಂದ ಮಂದಮರ್ರಿಯವರೆಗೆ ಹಬ್ಬಿರುವ ಸಿಂಗರೇಣಿ ಕಲ್ಲಿದ್ದಲು ಕಂಪನಿಯ ಭೂಗತ ಗಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ಸುರಂಗ ಕೊರೆದು, ಕೊನೆಗೆ ಆ ಕಂಬಗಳನ್ನೂ ತೆಗೆಯುವ ಪದ್ಧತಿಯ ಪ್ಯಾನೆಲ್ (ಗಣಿಯಲ್ಲಿ ಕೆಲಸಕ್ಕೆಂದು ವಿಂಗಡಿಸಿದ ಒಂದು ಭಾಗ) ಇಲ್ಲಿನ ಉದಾಹರಣೆ. ಅಂಕಿಗಳು 2017ರ ಕಲ್ಲಿದ್ದಲು ಗಣಿ ನಿಯಮಾವಳಿಯವು. ನಿಮ್ಮ ಗಣಿಗೆ ಪ್ರತ್ಯೇಕ ಅನುಮತಿ ಪತ್ರವಿದ್ದು ಅದರಲ್ಲಿ ಇನ್ನೂ ಬಿಗಿಯಾದ ಮಿತಿ ಹಾಕಿದ್ದರೆ ಆ ಮಿತಿಯನ್ನೇ ಪಾಲಿಸಿ.

ಇಡೀ ಪರಿಶೀಲನೆಗೆ ಒಂದೇ ಸೂತ್ರ: ಗಾಳಿ ಹೋಗುವ ದಾರಿಯಲ್ಲೇ ನೀವೂ ಹೋಗಿ. ಫ್ಯಾನಿನ ಬಳಿ ಆರಂಭಿಸಿ, ಗಾಳಿ ಒಳಬರುವ ಇನ್‌ಟೇಕ್ ಹಾದಿ ಹಿಡಿದು ಕಲ್ಲಿದ್ದಲು ಕಡಿಯುವ ಫೇಸ್ ತಲುಪಿ, ಕಲ್ಲಿದ್ದಲು ತೆಗೆದು ಬಿಟ್ಟ ಜಾಗವಾದ ಗೋಫ್ ಅಂಚು ಮುಟ್ಟಿ, ಬಳಸಿದ ಗಾಳಿ ಹೊರಹೋಗುವ ರಿಟರ್ನ್ ಹಾದಿಯಲ್ಲಿ ಹೊರಬನ್ನಿ. ಹಾಗೆ ನಡೆದರೆ ನಿಮ್ಮ ಬೆನ್ನ ಹಿಂದೆ ಸದಾ ತಾಜಾ ಗಾಳಿ ಇರುತ್ತದೆ. ಅಪಾಯ ಎದುರಾದಾಗ ಹಿಂದಕ್ಕೆ ಹೆಜ್ಜೆ ಹಾಕಿದರೆ ಸಾಕು.

## ಜೊತೆಯಲ್ಲಿ ಏನಿರಬೇಕು

ಹೆಲ್ಮೆಟ್, ಕ್ಯಾಪ್ ಲ್ಯಾಂಪ್, ಬೂಟು ಯಾರೂ ಮರೆಯುವುದಿಲ್ಲ. ಮರೆಯುವುದು ಉಳಿದವನ್ನು. ಮೀಥೇನ್ ಮಾಪಕ ಮತ್ತು ಅದರ ಉದ್ದನೆಯ ಕೊಳವೆ, ಜ್ವಾಲಾ ಸುರಕ್ಷಾ ದೀಪ, ಕಾರ್ಬನ್ ಮಾನಾಕ್ಸೈಡ್ ಮಾಪಕ, ಗಾಳಿಯ ವೇಗ ಅಳೆಯುವ ಅನಿಮೋಮೀಟರ್, ಒದ್ದೆ ಮತ್ತು ಒಣ ಬಲ್ಬಿನ ತಾಪಮಾಪಕ, ಛಾವಣಿ ತಟ್ಟುವ ಕೋಲು, ಸೀಮೆಸುಣ್ಣ, ಪ್ಯಾನೆಲ್‌ನ ಇತ್ತೀಚಿನ ನಕ್ಷೆ, ಟಿಪ್ಪಣಿ ಪುಸ್ತಕ.

ವಿಷಗಾಳಿಯಲ್ಲಿ ಉಸಿರು ಕಾಯುವ ಸೆಲ್ಫ್ ರೆಸ್ಕ್ಯೂಯರ್ ಸೊಂಟದಲ್ಲೇ ಇರಲಿ. ಫೇಸ್‌ನಲ್ಲಿ ಮೊಳೆಗೆ ನೇತುಹಾಕಿ ಕೆಲಸಕ್ಕೆ ಇಳಿಯುವ ಅಭ್ಯಾಸ ಜೀವ ತೆಗೆಯುತ್ತದೆ, ಏಕೆಂದರೆ ಹೊಗೆ ತುಂಬಿದ ಮೇಲೆ ಆ ಮೊಳೆ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಬಳಿಯಿರುವುದು ಯಾವ ಬಗೆಯದು ಎಂಬುದೂ ಗೊತ್ತಿರಲಿ. ಶೋಧಕ ಬಗೆಯದು ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ತಡೆಯುತ್ತದೆ, ಆಮ್ಲಜನಕ ಇಲ್ಲದ ಕಡೆ ಉಪಯೋಗಕ್ಕೆ ಬಾರದು. ಆಮ್ಲಜನಕವನ್ನು ತಾನೇ ತಯಾರಿಸುವ ಬಗೆಯದಾದರೆ ಅದರ ಮೇಲೆ ಬರೆದಿರುವ ನಿಮಿಷಗಳಷ್ಟು ಕಾಲ ಕಾಪಾಡುತ್ತದೆ.

ಬೀಡಿ, ಬೆಂಕಿಪೊಟ್ಟಣ, ಲೈಟರ್, ಮೊಬೈಲ್ ಇವೆಲ್ಲ ಮೇಲೆಯೇ ಉಳಿಯಬೇಕು. ದ್ವಾರದಲ್ಲಿ ಜೇಬು ತಡಕಿಸಿಕೊಳ್ಳಲು ಮೊದಲು ನೀವೇ ನಿಲ್ಲಿ. ಆಮೇಲೆ ಬೇರೆಯವರಿಗೆ ಹೇಳುವುದು ಸುಲಭವಾಗುತ್ತದೆ.

## ಹಂತ 1: ಇಳಿಯುವ ಮೊದಲು ನೆಲದ ಮೇಲೆಯೇ ನೋಡುವ ಮೂರು ಓದು

ಮೊದಲು ವಾಯುಭಾರ ಮಾಪಕ ನೋಡಿ. ವಾಯುಭಾರ ಇಳಿಯುತ್ತಿದ್ದರೆ ಮುಚ್ಚಿದ ಗೋಫ್‌ನೊಳಗಿನ ಅನಿಲ ಹಿಗ್ಗಿ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಸುದ್ದಿ ಬಂದ ದಿನ ಗೋಫ್ ಅಂಚಿನಲ್ಲಿ ಮಾಪಕದ ಓದು ನಿನ್ನೆಯಂತೆಯೇ ಇರುತ್ತದೆ ಎಂದುಕೊಳ್ಳಬೇಡಿ.

ಎರಡನೆಯದು, ಮುಖ್ಯ ಫ್ಯಾನಿನ ಒತ್ತಡ ತೋರಿಸುವ ನೀರಿನ ಗೇಜ್. ಒತ್ತಡ ಏಕಾಏಕಿ ಕಡಿಮೆಯಾಗಿದ್ದರೆ ಗಾಳಿ ಎಲ್ಲೋ ಅಡ್ಡದಾರಿ ಹಿಡಿದಿದೆ. ಯಾವುದೋ ಬಾಗಿಲು ತೆರೆದಿರಬಹುದು, ತಡೆಗೋಡೆ ಒಡೆದಿರಬಹುದು. ಒತ್ತಡ ಏರಿದ್ದರೆ ದಾರಿ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ, ಛಾವಣಿ ಕುಸಿದಿರುವುದೂ ಉಂಟು.

ಮೂರನೆಯದು, ಹಿಂದಿನ ಪಾಳಿಯ ವರದಿ. ಸಹಿ ಹಾಕುವುದಕ್ಕಾಗಿ ಅದನ್ನು ಬಿಡಿಸಬೇಡಿ, ಓದುವುದಕ್ಕಾಗಿ ಬಿಡಿಸಿ. ‘ಮುಂದುವರಿದಿದೆ’, ‘ಗಮನದಲ್ಲಿದೆ’ ಎಂಬಂಥ ಮಾತು ಕಂಡರೆ ಬರೆದವರನ್ನೇ ಹುಡುಕಿ ಕೇಳಿ.

## ಹಂತ 2: ಇನ್‌ಟೇಕ್ ಹಾದಿಯಲ್ಲಿ ಗಾಳಿಯ ಲೆಕ್ಕ

ಅನಿಲ ಹುಡುಕುವುದಕ್ಕೂ ಮುಂಚೆ ಗಾಳಿ ಅಳೆಯಬೇಕು. ಗಾಳಿ ಸಾಲದಿದ್ದರೆ ಮುಂದಿನ ಯಾವ ಓದಿಗೂ ಭರವಸೆ ಇಲ್ಲ.

ಪ್ಯಾನೆಲ್‌ಗೆ ಬೇಕಾದ ಗಾಳಿಯನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ, ದೊಡ್ಡದನ್ನು ಹಿಡಿಯಬೇಕು. ಅತಿ ಹೆಚ್ಚು ಮಂದಿ ಇರುವ ಪಾಳಿಯಲ್ಲಿ ತಲೆಗೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದಿನದ ಉತ್ಪಾದನೆಯ ಪ್ರತಿ ಟನ್ನಿಗೆ ನಿಮಿಷಕ್ಕೆ 2.5 ಘನ ಮೀಟರ್. ಹೆಚ್ಚಿನವರು ಮೊದಲನೆಯದನ್ನಷ್ಟೇ ಹಾಕಿ ನಿಶ್ಚಿಂತರಾಗುತ್ತಾರೆ. ಪ್ಯಾನೆಲ್‌ನಲ್ಲಿ 40 ಮಂದಿ ಇದ್ದು ದಿನಕ್ಕೆ 400 ಟನ್ ಕಲ್ಲಿದ್ದಲು ಬರುತ್ತದೆ ಎಂದಿಟ್ಟುಕೊಳ್ಳಿ. ತಲೆ ಲೆಕ್ಕದಲ್ಲಿ 240 ಘನ ಮೀಟರ್ ಸಾಕು. ಟನ್ ಲೆಕ್ಕದಲ್ಲಿ 1,000 ಬೇಕು. ಸುರಂಗದ ಅಗಲ 4.2 ಮೀಟರ್, ಎತ್ತರ 3 ಮೀಟರ್ ಇದ್ದು ಗಾಳಿ ನಿಮಿಷಕ್ಕೆ 60 ಮೀಟರ್ ಓಡುತ್ತಿದ್ದರೆ ಬರುತ್ತಿರುವುದು 756. ಮೊದಲ ಲೆಕ್ಕದ ಮೂರು ಪಟ್ಟು ಇದೆ ಎಂದು ಮನಸ್ಸು ಸಮಾಧಾನಪಡುತ್ತದೆ, ಆದರೆ ನಿಜಕ್ಕೂ ಕಾಲು ಭಾಗ ಕಡಿಮೆಯಿದೆ.

ಅನಿಮೋಮೀಟರನ್ನು ಸುರಂಗದ ನಡುವೆ ಒಂದೇ ಕಡೆ ಹಿಡಿಯಬೇಡಿ. ಮಧ್ಯದಲ್ಲಿ ವೇಗ ಹೆಚ್ಚು, ಗೋಡೆಯ ಬಳಿ ಕಡಿಮೆ. ಇಡೀ ಅಡ್ಡಕೊಯ್ತದಲ್ಲಿ ನಿಧಾನವಾಗಿ ಆಡಿಸುತ್ತ ಅಳೆಯಿರಿ, ನಿಮ್ಮ ದೇಹ ಗಾಳಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಲ್ಲಿ.

ಶಾಖವೂ ಗಾಳಿಯ ಲೆಕ್ಕಕ್ಕೇ ಸೇರುತ್ತದೆ. ಒದ್ದೆ ಬಲ್ಬಿನ ತಾಪ 33.5 ಡಿಗ್ರಿ ಸೆಲ್ಸಿಯಸ್ ಮೀರಕೂಡದು. 30.5 ದಾಟಿದರೆ ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಕನಿಷ್ಠ 1 ಮೀಟರ್ ಇರಬೇಕು. ಗೋದಾವರಿ ಕಣಿವೆಯ ಏಪ್ರಿಲ್, ಮೇ ತಿಂಗಳ ಬಿಸಿಲು ನೆಲದೊಳಗೂ ನಾಟುತ್ತದೆ. ಬೆವರು ಆರದೆ ಬಳಲಿದವನು ಛಾವಣಿಯ ಸದ್ದನ್ನು ಗಮನಿಸುವುದಿಲ್ಲ.

## ಹಂತ 3: ಅನಿಲ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ತಪ್ಪು ಇಲ್ಲೇ ಆಗುವುದರಿಂದ ನಿಧಾನವಾಗಿ ಹೇಳುತ್ತೇನೆ.

ಮೀಥೇನ್ ಗಾಳಿಯ ಅರ್ಧದಷ್ಟು ತೂಕದ್ದು, ಮೇಲಕ್ಕೇರುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಯ ಒಂದೂವರೆ ಪಟ್ಟು ತೂಕದ್ದು, ಕೆಳಗೆ ಕೂರುತ್ತದೆ. ಹಾಗಾಗಿ ಮೀಥೇನನ್ನು ಛಾವಣಿಯ ಬಳಿ, ಏರುಮುಖದ ಫೇಸ್‌ಗಳಲ್ಲಿ, ಛಾವಣಿ ಉದುರಿ ಆದ ಗುಂಡಿಗಳಲ್ಲಿ ಹುಡುಕಬೇಕು. ಕಾರ್ಬನ್ ಡೈಆಕ್ಸೈಡನ್ನು ಇಳಿಮುಖದ ಫೇಸ್‌ಗಳಲ್ಲಿ, ನೆಲದ ಮಟ್ಟದಲ್ಲಿ ನೋಡಬೇಕು. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದಾದ್ದರಿಂದ ಎಲ್ಲ ಮಟ್ಟದಲ್ಲೂ ಬೆರೆತಿರುತ್ತದೆ.

ಮಾಪಕದ ಕೊಳವೆಯನ್ನು ಛಾವಣಿಗೆ ಮುಟ್ಟುವಷ್ಟು ಎತ್ತಿ ಹಿಡಿದು, ಅಂಕಿ ಏರುವುದು ನಿಲ್ಲುವವರೆಗೆ ಕಾಯಿರಿ. ಎತ್ತಿದ ಕೂಡಲೇ ಇಳಿಸಿದರೆ ಓದು ಸಿಗುವುದಿಲ್ಲ. ಆಮೇಲೆ ಅದನ್ನು ಒಂದು ಅಡಿ ಕೆಳಗಿಳಿಸಿ ಮತ್ತೆ ಓದಿ. ಮೇಲೆ ಅನಿಲ ತೋರಿಸಿ ಒಂದಡಿ ಕೆಳಗೆ ಸೊನ್ನೆ ತೋರಿಸಿದರೆ ಮೀಥೇನ್ ಪದರವಾಗಿ ನಿಂತಿದೆ, ಗಾಳಿಯ ವೇಗ ಅದನ್ನು ಕಲಕುವಷ್ಟಿಲ್ಲ. ಆ ಪದರ ಛಾವಣಿ ಹಿಡಿದು ಏರುಮುಖವಾಗಿ ಬಹುದೂರ ಹರಿಯುತ್ತದೆ. ಗಾಳಿಗೆ ಅಡ್ಡ ಕಟ್ಟುವ ಬ್ರಾಟಿಸ್ ಬಟ್ಟೆಯಿಂದ ಗಾಳಿಯನ್ನು ಛಾವಣಿಯ ಕಡೆಗೆ ತಿರುಗಿಸಬೇಕು.

ಮಿತಿಗಳು ಹೀಗಿವೆ. ಪ್ಯಾನೆಲ್‌ನ ರಿಟರ್ನ್ ಗಾಳಿಯಲ್ಲಿ ಶೇ 0.75, ಉಳಿದ ಯಾವುದೇ ಜಾಗದಲ್ಲಿ ಶೇ 1.25. ಶೇ 1.25 ಮುಟ್ಟಿತೋ, ವಿದ್ಯುತ್ ಕಡಿತಗೊಳಿಸಿ, ಎಲ್ಲರನ್ನೂ ಹಿಂದಕ್ಕೆ ಕರೆಸಿ, ದಾರಿಗೆ ಬೇಲಿ ಹಾಕಿ. ಮೀಥೇನ್ ಸ್ಫೋಟಿಸುವುದು ಶೇ 5ರಿಂದ 15ರ ನಡುವೆ, ‘ಇನ್ನೂ ಬಹಳ ಅಂತರವಿದೆ’ ಎಂಬ ವಾದ ಆಗಾಗ ಕೇಳುತ್ತದೆ. ಒಪ್ಪಬೇಡಿ. ನೀವು ಅಳೆದದ್ದು ಒಂದು ಬಿಂದುವನ್ನು. ಹತ್ತು ಹೆಜ್ಜೆ ಆಚೆಯ ಗುಂಡಿಯಲ್ಲಿ ಎಷ್ಟಿದೆ ಎಂದು ಮಾಪಕಕ್ಕೆ ಗೊತ್ತಿಲ್ಲ.

ಇಲ್ಲಿ ಮೂರು ಎಚ್ಚರಿಕೆ ಹೇಳಲೇಬೇಕು.

ಉರಿಯುವ ತಂತುವಿನ ಮಾಪಕಕ್ಕೆ ಕೆಲಸ ಮಾಡಲು ಆಮ್ಲಜನಕ ಬೇಕು. ಆಮ್ಲಜನಕ ತೀರಾ ಕಡಿಮೆಯಿರುವ ಹಳೆಯ ಕೆಲಸದ ಜಾಗದಲ್ಲಿ, ಅಥವಾ ಮೀಥೇನ್ ವಿಪರೀತವಿರುವ ಕಡೆ, ಅದು ಕಡಿಮೆ ಓದು ತೋರಿಸಬಹುದು. ಅಂಕಿ ಸರ್ರನೆ ಏರಿ ಮತ್ತೆ ಇಳಿಯಿತು ಎಂದರೆ ಅನಿಲ ಹೋಯಿತು ಎಂದಲ್ಲ, ಮಾಪಕ ತನ್ನ ಮಿತಿ ದಾಟಿದೆ. ಕೂಡಲೇ ಹಿಂದೆ ಬನ್ನಿ. ಇಂಥ ಕಡೆಗಳಿಗಾಗಿಯೇ ಜ್ವಾಲಾ ದೀಪ ಇಂದಿಗೂ ಬೇಕು. ಆಮ್ಲಜನಕ ಸುಮಾರು ಶೇ 16-17ಕ್ಕೆ ಇಳಿದರೆ ದೀಪ ತಾನೇ ಆರುತ್ತದೆ. ಗಣಿಯ ಗಾಳಿಯಲ್ಲಿ ಆಮ್ಲಜನಕ ಶೇ 19ಕ್ಕಿಂತ ಕಡಿಮೆಯಾಗಕೂಡದು.

ಜ್ವಾಲಾ ದೀಪವನ್ನು ಬತ್ತಿ ತಗ್ಗಿಸಿ ನಿಧಾನವಾಗಿ ಮೇಲೆತ್ತಿ, ಜ್ವಾಲೆಯ ತುದಿಯಲ್ಲಿ ಮೀಥೇನ್ ಇರುವುದರ ಗುರುತಾದ ನಸುನೀಲಿ ಟೋಪಿ ಕಂಡರೆ ಅಷ್ಟೇ ನಿಧಾನವಾಗಿ ಇಳಿಸಿ. ಗಾಬರಿಯಿಂದ ಎಳೆದರೆ ಜ್ವಾಲೆ ಜಾಲರಿ ದಾಟುವ ಭಯವಿದೆ.

ಒಂದು ಕೊನೆ ಮುಚ್ಚಿರುವ ಕುರುಡು ಸುರಂಗದಲ್ಲಿ ಸಹಾಯಕ ಫ್ಯಾನ್ ನಿಂತಿದ್ದರೆ ಒಳಗೆ ಹೋಗಬೇಡಿ. ಫ್ಯಾನನ್ನು ಒಮ್ಮೆಲೇ ಚಾಲೂ ಮಾಡಿ ಒಳಗಿನ ಅನಿಲವನ್ನೆಲ್ಲ ಒಂದೇ ಉಸಿರಿಗೆ ರಿಟರ್ನ್‌ಗೆ ತಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಮೇಲಧಿಕಾರಿಗೆ ತಿಳಿಸಿ, ರಿಟರ್ನ್ ಹಾದಿಯಿಂದ ಜನರನ್ನೂ ವಿದ್ಯುತ್ತನ್ನೂ ತೆಗೆಸಿ, ರಿಟರ್ನ್‌ನಲ್ಲಿ ಓದು ನೋಡುತ್ತ ಸ್ವಲ್ಪಸ್ವಲ್ಪವಾಗಿ ಹೊರಹಾಕಿಸಿ.

## ಹಂತ 4: ಛಾವಣಿ ಮತ್ತು ಗೋಡೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಾರಿಸಿ ನೋಡುತ್ತಾರೆ. ಗಟ್ಟಿ ಮಡಕೆ ಕಣಕಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು ಮಾಡುತ್ತದೆ. ಛಾವಣಿಯದ್ದೂ ಇದೇ ಪಾಠ. ಕೋಲಿನಿಂದ ತಟ್ಟುವಾಗ ಇನ್ನೊಂದು ಕೈಯ ಬೆರಳನ್ನು ಪಕ್ಕದ ಛಾವಣಿಗೆ ಮುಟ್ಟಿಸಿ. ಸದ್ದು ಸರಿಯಿದ್ದೂ ಬೆರಳಿಗೆ ನಡುಕ ತಾಗಿದರೆ ದಪ್ಪನೆಯ ಪದರ ಬಿಟ್ಟುಕೊಂಡಿದೆ. ತೆಳು ಪದರ ಸದ್ದಿನಲ್ಲಿ ಸಿಗುತ್ತದೆ, ದಪ್ಪ ಪದರ ಬೆರಳಿಗೇ ಸಿಗಬೇಕು.

ಆಧಾರ ಕೊಟ್ಟಿರುವ ಛಾವಣಿಯ ಕೆಳಗೆ ನಿಂತು ಮುಂದಕ್ಕೆ ತಟ್ಟುತ್ತ ಹೋಗಿ. ಆಧಾರ ಇಲ್ಲದ ಕಡೆಗೆ ದಾಟಿ ನಿಂತು ಹಿಂದಕ್ಕೆ ತಟ್ಟುವವರನ್ನು ಕಂಡರೆ ಅಲ್ಲೇ ತಡೆಯಿರಿ. ಮದ್ದು ಸಿಡಿಸಿದ ಮೇಲೆ ಹೊಗೆ ಪೂರ್ತಿ ಹೋಗುವವರೆಗೆ ಕಾದು, ಮೊದಲು ಅನಿಲ, ನಂತರ ಛಾವಣಿ, ಆಮೇಲೆ ಸಿಡಿಯದೆ ಉಳಿದ ಮದ್ದು, ಈ ಕ್ರಮದಲ್ಲೇ ನೋಡಿ. ಸಡಿಲ ಕಲ್ಲನ್ನು ಉದ್ದನೆಯ ಹಾರೆಯಿಂದ ಕೆಡವಿ. ಹಾರೆ ಎತ್ತುವ ಮೊದಲು ಹಿಂದೆ ಓಡುವ ದಾರಿಯಲ್ಲಿ ಕಲ್ಲು, ಕೇಬಲ್ಲು ಇಲ್ಲವೆಂದು ನೋಡಿಕೊಳ್ಳಿ.

ಛಾವಣಿಯ ಪದರಗಳನ್ನು ಬಿಗಿದು ಹಿಡಿಯುವ ರೂಫ್ ಬೋಲ್ಟ್ ನೋಡುವಾಗ ಅದರ ತಟ್ಟೆಯನ್ನು ನೋಡಿ. ಅದು ಛಾವಣಿಗೆ ಒತ್ತಿ ಕುಳಿತಿರಬೇಕು. ನಡುವೆ ಬೆರಳು ತೂರಿದರೆ ಆ ಬೋಲ್ಟ್ ಏನನ್ನೂ ಹಿಡಿದಿಲ್ಲ. ತಟ್ಟೆ ಬಗ್ಗಿದ್ದರೆ ಮೇಲಿನಿಂದ ಭಾರ ಬರುತ್ತಿದೆ. ಜಂಕ್ಷನ್‌ಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ, ಅಲ್ಲಿ ನಾಲ್ಕೂ ಕಡೆ ತೆರೆದಿರುವುದರಿಂದ ಛಾವಣಿಯ ವಿಸ್ತಾರ ಹೆಚ್ಚು. ಕನ್ನಡಿಯಂತೆ ನುಣುಪಾದ ಜಾರು ಮುಖ ಕಂಡರೆ ಸದ್ದು ಎಷ್ಟೇ ಚೆನ್ನಾಗಿದ್ದರೂ ನಂಬಬೇಡಿ, ಅದರ ಎರಡೂ ಬದಿಗೆ ಆಧಾರ ಕೊಡಿಸಿ.

ಕಂಬ ತೆಗೆಯುವ ಪ್ಯಾನೆಲ್‌ನಲ್ಲಿ ಕುಸಿತ ಹತ್ತಿರವಾದಾಗ ಗೋಫ್ ಅಂಚು ತಾನೇ ಮಾತಾಡುತ್ತದೆ. ಮರದ ಆಸರೆಗಳು ಕಿರುಗುಟ್ಟುತ್ತವೆ, ಗೋಡೆಯಿಂದ ಕಲ್ಲಿದ್ದಲು ಚಿಟಿಚಿಟಿ ಸಿಡಿಯುತ್ತದೆ, ಛಾವಣಿಯ ಬಿರುಕಿನಿಂದ ಪುಡಿ ಸುರಿಯತೊಡಗುತ್ತದೆ. ಛಾವಣಿಗೂ ನೆಲಕ್ಕೂ ನಡುವಿನ ಅಂತರವನ್ನು ನಿತ್ಯ ಅಳೆಯುವ ಕಡ್ಡಿಯ ಓದು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುತ್ತಿದ್ದರೆ ಅದೂ ಅದೇ ಮಾತು. ಉಕ್ಕಿನ ಆಸರೆ ಮರದಂತೆ ಕೂಗಿ ಎಚ್ಚರಿಸುವುದಿಲ್ಲ. ಹಾಗಾಗಿ ಉಕ್ಕಿನ ಸಾಲಿನಲ್ಲೂ ಅಲ್ಲಲ್ಲಿ ಒಂದು ಮರದ ಆಸರೆ ಇರಲಿ ಎಂಬುದು ನನ್ನ ಅಭಿಪ್ರಾಯ. ಗೋಫ್‌ನೊಳಗೆ ದೊಡ್ಡ ವಿಸ್ತಾರ ಕುಸಿಯದೆ ನೇತಾಡುತ್ತಿದ್ದರೆ ಅದು ಒಮ್ಮೆಲೇ ಬಿದ್ದಾಗ ಎದ್ದ ಗಾಳಿಯ ಹೊಡೆತ ಮನುಷ್ಯರನ್ನು ಎತ್ತಿ ಎಸೆಯುತ್ತದೆ. ಕುಸಿಯದ ಗೋಫ್ ಕಂಡು ಸಮಾಧಾನಪಡಬೇಡಿ.

## ಹಂತ 5: ತಾನೇ ಬಿಸಿಯಾಗುವ ಕಲ್ಲಿದ್ದಲು

ಗೋಫ್‌ನಲ್ಲಿ ಉಳಿದ ಕಲ್ಲಿದ್ದಲು ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮೊದಲು ಗೋಡೆಯ ಮೇಲೆ ಬೆವರು ಕಾಣುತ್ತದೆ, ಬಳಿಕ ಸೀಮೆಎಣ್ಣೆಯಂಥ ವಾಸನೆ, ಕೊನೆಗೆ ಹೊಗೆ. ವಾಸನೆಯವರೆಗೆ ಕಾಯಬೇಡಿ, ಲೆಕ್ಕ ಅದಕ್ಕೂ ಮೊದಲೇ ಹೇಳುತ್ತದೆ.

ಕಾರ್ಬನ್ ಮಾನಾಕ್ಸೈಡ್‌ನ ಅಂಕಿಯೊಂದನ್ನೇ ನೋಡುವುದು ಇಲ್ಲಿನ ದೊಡ್ಡ ತಪ್ಪು. ಗಾಳಿ ಹೆಚ್ಚು ಬಿಟ್ಟ ದಿನ ಆ ಅಂಕಿ ಕಡಿಮೆಯಾಗುತ್ತದೆ, ಬೆಂಕಿ ಮಾತ್ರ ಕಡಿಮೆಯಾಗಿರುವುದಿಲ್ಲ. ಅದಕ್ಕೆ ಗ್ರಹಾಂ ಅನುಪಾತ ಹಾಕಬೇಕು. ಮಾದರಿಯ ಸಾರಜನಕದ ಶೇಕಡಾವಾರನ್ನು 0.265ರಿಂದ ಗುಣಿಸಿ, ಅದರಿಂದ ಆಮ್ಲಜನಕದ ಶೇಕಡಾವಾರು ಕಳೆಯಿರಿ. ಬಂದದ್ದು ಆಮ್ಲಜನಕದ ಕೊರತೆ. ಕಾರ್ಬನ್ ಮಾನಾಕ್ಸೈಡ್‌ನ ಶೇಕಡಾವಾರನ್ನು 100ರಿಂದ ಗುಣಿಸಿ ಆ ಕೊರತೆಯಿಂದ ಭಾಗಿಸಿ.

ಒಂದು ವಾರ ಸಾರಜನಕ 79.6, ಆಮ್ಲಜನಕ 19.9, ಕಾರ್ಬನ್ ಮಾನಾಕ್ಸೈಡ್ 0.005 ಬಂತು ಎಂದುಕೊಳ್ಳಿ. ಕೊರತೆ 1.19, ಅನುಪಾತ 0.42. ಮುಂದಿನ ವಾರ 79.2, 20.6, 0.0045. ಮಾನಾಕ್ಸೈಡ್ ಇಳಿದಿದೆ, ಆಮ್ಲಜನಕ ಹೆಚ್ಚಿದೆ, ನೋಡಿದವರು ಸುಧಾರಿಸಿತು ಎನ್ನುತ್ತಾರೆ. ಆದರೆ ಕೊರತೆ 0.39ಕ್ಕೆ ಇಳಿದು ಅನುಪಾತ 1.16ಕ್ಕೆ ಏರಿದೆ. 0.5ಕ್ಕಿಂತ ಕೆಳಗಿದ್ದರೆ ಸಾಮಾನ್ಯ ಸ್ಥಿತಿ. 1ರ ಸುಮಾರಿಗೆ ಒಳಗೆ ಬಿಸಿಯಾಗುತ್ತಿರುವುದು ಬಹುತೇಕ ಖಚಿತ. 2 ಗಂಭೀರ, 3 ಎಂದರೆ ಬೆಂಕಿ ಹತ್ತಿದೆ. ಕೊರತೆ 0.3ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಅನುಪಾತವನ್ನು ನಂಬುವಂತಿಲ್ಲ. ಯಾವಾಗಲೂ ಒಂದು ಓದಿಗಿಂತ ವಾರಗಳ ಏರಿಳಿತ ಹೆಚ್ಚು ಹೇಳುತ್ತದೆ.

ಮುಚ್ಚಿದ ತಡೆಗೋಡೆಯ ಹಿಂದಿನ ಮಾದರಿ ತೆಗೆಯುವಾಗ ಗೋಡೆ ಉಸಿರು ಬಿಡುತ್ತಿದೆಯೋ ಎಳೆಯುತ್ತಿದೆಯೋ ಎಂದು ಮೊದಲು ನೋಡಿ. ಎಳೆಯುತ್ತಿರುವಾಗ ತೆಗೆದರೆ ಸೀಸೆಗೆ ತುಂಬುವುದು ನೀವು ನಿಂತ ಕಡೆಯ ಗಾಳಿ. ವಾಯುಭಾರ ಇಳಿಯುವ ಹೊತ್ತಿಗೆ ಹೋದರೆ ಒಳಗಿನ ಗಾಳಿ ಸಿಗುತ್ತದೆ. ಬೆಂಕಿಯ ಅನುಮಾನ ಬಂದರೆ ಗಾಳಿಯ ದಿಕ್ಕನ್ನಾಗಲೀ ಪ್ರಮಾಣವನ್ನಾಗಲೀ ನೀವಾಗಿಯೇ ಬದಲಿಸಬೇಡಿ. ಜನರನ್ನು ಹೊರಗೆ ಕರೆಸಿ, ಮ್ಯಾನೇಜರ್‌ಗೆ ತಿಳಿಸಿ, ರಕ್ಷಣಾ ದಳ ಬರಲಿ.

## ಹಂತ 6: ನೀರು

1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಯಲ್ಲಿ ನೀರು ನುಗ್ಗಿ 375 ಮಂದಿ ಸತ್ತರು. ಹಳೆಯ, ನೀರು ತುಂಬಿದ ಕೆಲಸದ ಜಾಗದಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಹೋಗಕೂಡದು. ಅನುಮತಿ ಸಿಕ್ಕಿದ್ದರೂ ಫೇಸ್‌ನ ಮಧ್ಯದಿಂದ ಮುಂದಕ್ಕೆ, ಎರಡೂ ಪಕ್ಕಕ್ಕೆ ರಂಧ್ರ ಕೊರೆಯುತ್ತಲೇ ಸಾಗಬೇಕು, ಆ ರಂಧ್ರಗಳು ಫೇಸ್‌ಗಿಂತ ಕನಿಷ್ಠ 3 ಮೀಟರ್ ಮುಂದೆ ಇರಬೇಕು.

ನಕ್ಷೆಯಲ್ಲಿ ಹಳೆಯ ಜಾಗ ದೂರವಿದೆ ಎಂಬುದನ್ನೇ ನೆಚ್ಚಬೇಡಿ. ಒಣಗಿದ್ದ ಫೇಸ್ ಬೆವರತೊಡಗಿದರೆ, ಕೆಂಪು ತುಕ್ಕಿನ ಬಣ್ಣದ ನೀರು ಜಿನುಗಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ರಂಧ್ರದಿಂದ ನೀರು ಒತ್ತಡದಿಂದ ಚಿಮ್ಮಿದರೆ ಕೆಲಸ ನಿಲ್ಲಿಸಿ. ಡ್ರಿಲ್ ರಾಡನ್ನು ಹೊರಗೆ ಎಳೆಯಬೇಡಿ, ಅದೇ ಸದ್ಯಕ್ಕೆ ಬಿರಡೆ. ಹಿಂತಿರುಗುವಾಗ ಏರುಮುಖದ ದಾರಿಯನ್ನೇ ಹಿಡಿಯಿರಿ.

## ಹಂತ 7: ರಿಟರ್ನ್ ಹಾದಿಯ ಧೂಳು

ಕಲ್ಲಿದ್ದಲಿನ ಪುಡಿ ಮೀಥೇನ್ ಸ್ಫೋಟವನ್ನು ಇಡೀ ಗಣಿಗೆ ಹಬ್ಬಿಸುತ್ತದೆ. ಸುಣ್ಣದ ಕಲ್ಲಿನ ಪುಡಿ ಎರಚಿ ಉರಿಯದ ಅಂಶವನ್ನು ಕನಿಷ್ಠ ಶೇ 75ಕ್ಕೆ, ಆವಿಯಾಗುವ ಅಂಶ ಶೇ 30ಕ್ಕಿಂತ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಶೇ 85ಕ್ಕೆ ತರಬೇಕು. ನೆಲಕ್ಕೆ ಎರಚಿ ಮುಗಿಸುವವರೇ ಹೆಚ್ಚು. ಅಪಾಯದ ನುಣುಪು ಪುಡಿ ಛಾವಣಿಯ ತೊಲೆಯ ಮೇಲೆ, ಗೋಡೆಯ ಸಂದಿಯಲ್ಲಿ ಕೂತಿರುತ್ತದೆ. ಸುಣ್ಣದ ಪುಡಿ ಒದ್ದೆಯಾಗಿ ಗಟ್ಟಿಯಾಗಿದ್ದರೆ ಎರಚಿದ್ದೂ ದಂಡ. ಅಂಗೈ ಮೇಲಿಟ್ಟು ಊದಿದಾಗ ಹಾರಬೇಕು.

## ಹಂತ 8: ಮೇಲೆ ಬಂದ ಮೇಲೆ

ಇದನ್ನು ಪರಿಸರ ವಿಭಾಗದ ಕೆಲಸವೆಂದು ಬಿಟ್ಟುಬಿಡುವವರಿದ್ದಾರೆ. ಕಂಬ ತೆಗೆದ ಪ್ಯಾನೆಲ್‌ನ ಮೇಲಿನ ಹೊಲದಲ್ಲಿ ಬಿರುಕು ಬಿಟ್ಟರೆ ಆ ಬಿರುಕು ಗೋಫ್‌ಗೆ ಗಾಳಿ ಊದುತ್ತದೆ, ಬೆಂಕಿ ಹೊತ್ತುತ್ತದೆ. ಮಳೆ ಬಂದರೆ ಅದೇ ಬಿರುಕು ನೀರನ್ನು ಕೆಳಗಿಳಿಸುತ್ತದೆ. ಹಂತ 5 ಮತ್ತು 6ರ ಬೇರು ಎಷ್ಟೋ ಸಲ ಮೇಲಿನ ನೆಲದಲ್ಲೇ ಇರುತ್ತದೆ. ಆದ್ದರಿಂದ ಪ್ಯಾನೆಲ್‌ನ ಮೇಲ್ಮೈಯನ್ನು ನಡೆದು ನೋಡಿ, ಬಿರುಕುಗಳನ್ನು ಜೇಡಿಮಣ್ಣಿನಿಂದ ತುಂಬಿಸಿ ಗುದ್ದಿಸಿ, ಮುಂಗಾರಿಗೆ ಮುನ್ನ ಸುತ್ತಲೂ ಕಾಲುವೆ ತೋಡಿಸಿ. ಹೊಲದ ರೈತರನ್ನು ಮಾತಾಡಿಸಿ. ಬಾವಿಯ ನೀರು ಇಳಿದದ್ದು, ನೆಲ ಕುಸಿದದ್ದು ಅವರಿಗೆ ಮೊದಲು ತಿಳಿಯುತ್ತದೆ.

ಪಂಪ್ ಮಾಡಿದ ನೀರು ತಿಳಿಗೊಳಿಸುವ ತೊಟ್ಟಿಯಲ್ಲಿ ನಿಂತು ಹೋಗಬೇಕು. ಹಳ್ಳಕ್ಕೆ ಬಿಡುವಾಗ ಪಿಎಚ್ 5.5ರಿಂದ 9ರ ನಡುವೆ, ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಒಳಗೆ ಇರಬೇಕು. ತೊಟ್ಟಿಯ ಹೂಳು ತೆಗೆಸದಿದ್ದರೆ ತೊಟ್ಟಿ ಇದ್ದೂ ಇಲ್ಲದಂತೆ.

## ಹಂತ 9: ಬರೆಯುವುದು ಮತ್ತು ಒಪ್ಪಿಸುವುದು

ಪ್ರತಿ ಓದಿನ ಜೊತೆ ಜಾಗ, ಮಟ್ಟ, ಗಂಟೆ ಬರೆಯಿರಿ. ‘ಅನಿಲ ಇಲ್ಲ’ ಎನ್ನುವುದು ಓದಲ್ಲ. ‘12ನೇ ಲೆವೆಲ್, 3ನೇ ಏರುಮುಖ, ಛಾವಣಿಯಲ್ಲಿ ಶೇ 0.2, ಬೆಳಿಗ್ಗೆ 6.40’ ಎಂಬುದು ಓದು. ಪರೀಕ್ಷಿಸಿದ ಜಾಗದಲ್ಲೂ ಸೀಮೆಸುಣ್ಣದಿಂದ ದಿನಾಂಕ, ಸಹಿ ಹಾಕಿ. ಹೋಗದ ಜಾಗಕ್ಕೆ ಹೋಗಿಲ್ಲ ಎಂದೇ ಬರೆಯಿರಿ, ನಿನ್ನೆಯ ಅಂಕಿಯನ್ನು ನಕಲು ಮಾಡಬೇಡಿ.

ಒಂದೇ ಒಂದು ಫೇಸ್ ಅಸುರಕ್ಷಿತವೆನಿಸಿದರೂ ಬೇಲಿ ಹಾಕಿ ಫಲಕ ತೂಗಿಸಿ, ಆಮೇಲೆಯೇ ಮೇಲೆ ಬನ್ನಿ. ಕೆಳಗಿಳಿಯುವವರ ಮುಂದೆ ಎಲ್ಲಿ ಹೋಗಬಾರದು, ಏಕೆ ಹೋಗಬಾರದು ಎಂಬುದನ್ನು ಅವರಾಡುವ ಭಾಷೆಯಲ್ಲೇ ಹೇಳಿ. ಸಿಂಗರೇಣಿಯ ಗಣಿಗಳಲ್ಲಿ ಅದು ತೆಲುಗು. ಕನ್ನಡದವರು ತೆಲುಗು ಕಲಿಯುವಾಗ ಛಾವಣಿ, ಅನಿಲ, ನೀರು, ಓಡು, ನಿಲ್ಲು ಎಂಬ ಮಾತುಗಳನ್ನು ಮೊದಲ ದಿನವೇ ಕಲಿತುಕೊಳ್ಳಬೇಕು.